ಗಾಯದ ನಂತರ ಸ್ಪರ್ಧಾತ್ಮಕ ದೂರದ ಓಟಕ್ಕೆ ಮರಳುವಿಕೆ: ಕ್ರೀಡಾಪಟುಗಳಿಗೆ ಮಾಹಿತಿ

1. ಪೀಠಿಕೆ

5,000 ಮೀಟರ್, 10,000 ಮೀಟರ್, ಅರ್ಧ ಮ್ಯಾರಥಾನ್ ಹಾಗೂ ಮ್ಯಾರಥಾನ್ ಓಟಗಾರರಿಗೆ ಆಗುವ ಗಾಯಗಳಲ್ಲಿ ಬಹುಪಾಲು ಬೀಳುವುದರಿಂದ ಆಗುವಂಥವಲ್ಲ. ಒಂದೇ ಚಲನೆಯು ಸಾವಿರಾರು ಬಾರಿ ಪುನರಾವರ್ತನೆಯಾಗುವುದರಿಂದ ಉಂಟಾಗುವಂಥವು. ನಿಮಿಷಕ್ಕೆ 170 ಹೆಜ್ಜೆ ಹಾಕುವ ಓಟಗಾರನು 30 ನಿಮಿಷಗಳಲ್ಲಿ 5,100 ಹೆಜ್ಜೆ ಹಾಕುತ್ತಾನೆ. ಪ್ರತಿ ಹೆಜ್ಜೆಯಲ್ಲಿಯೂ ನೆಲದಿಂದ ಕಾಲಿನ ಮೇಲೆ ದೇಹತೂಕದ ಎರಡರಿಂದ ಮೂರು ಪಟ್ಟು ಬಲ ಬೀಳುತ್ತದೆ. ಒಮ್ಮೆ ಗಾಯಗೊಂಡವರು ಮತ್ತೆ ಗಾಯಗೊಳ್ಳುವ ಸಾಧ್ಯತೆಯು ಇತರರಿಗಿಂತ ಹೆಚ್ಚಾಗಿರುತ್ತದೆ. ಆದ್ದರಿಂದ ಗಾಯದ ನಂತರ ಸ್ಪರ್ಧೆಗೆ ಹೆಸರು ನೋಂದಾಯಿಸುವ ಮುನ್ನ ಕ್ರೀಡಾಪಟುಗಳು, ಪೋಷಕರು ಹಾಗೂ ತರಬೇತುದಾರರು ಗಮನಿಸಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

2. ಉಸಿರು ಮೊದಲು ಮರಳುತ್ತದೆ, ಮೂಳೆ ನಂತರ

ಓಟ ನಿಲ್ಲಿಸಿದ ಎರಡು ಮೂರು ವಾರಗಳಲ್ಲಿ ಹೃದಯ ಮತ್ತು ಶ್ವಾಸಕೋಶಗಳ ಸಾಮರ್ಥ್ಯವು ಕುಗ್ಗತೊಡಗುತ್ತದೆ. ಆದರೆ ಅಭ್ಯಾಸ ಪುನರಾರಂಭಿಸಿದಾಗ ಅದು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಸೈಕಲ್ ತುಳಿತ ಅಥವಾ ನೀರಿನಲ್ಲಿ ಓಟದ ಅಭ್ಯಾಸದಿಂದ ಅದನ್ನು ಬಹುಮಟ್ಟಿಗೆ ಉಳಿಸಿಕೊಳ್ಳಲೂಬಹುದು. ಮೂಳೆ ಮತ್ತು ಸ್ನಾಯುರಜ್ಜುಗಳ ವಿಷಯ ಹಾಗಲ್ಲ. ಒತ್ತಡಕ್ಕೊಳಗಾದ ಮೂಳೆಯಲ್ಲಿ ಹಳೆಯ ಭಾಗವನ್ನು ದೇಹವು ಮೊದಲು ಕೆಲವು ವಾರಗಳಲ್ಲಿ ತೆಗೆದುಹಾಕುತ್ತದೆ. ಆ ಜಾಗದಲ್ಲಿ ಹೊಸ ಮೂಳೆ ತುಂಬಿ ಗಟ್ಟಿಯಾಗಲು ಮೂರು ನಾಲ್ಕು ತಿಂಗಳುಗಳೇ ಬೇಕಾಗುತ್ತವೆ. ನಡುವಿನ ಅವಧಿಯಲ್ಲಿ ನೋವು ಇಲ್ಲದಿದ್ದರೂ ಮೂಳೆಯು ದುರ್ಬಲವಾಗಿಯೇ ಇರುತ್ತದೆ.

ಈ ಅಂತರವೇ ಮರುಗಾಯಕ್ಕೆ ದಾರಿಯಾಗುತ್ತದೆ. ಉಸಿರು ಹಿಡಿತಕ್ಕೆ ಬಂದ ಓಟಗಾರನಿಗೆ ತಾನು ಸಿದ್ಧನೆಂದು ತೋರುತ್ತದೆ. ಕಾಲು ಇನ್ನೂ ಸಿದ್ಧವಾಗಿರುವುದಿಲ್ಲ. ಆದುದರಿಂದ ಮರಳುವ ದಿನವನ್ನು ಗಾಯಗೊಂಡ ಅಂಗದ ಸ್ಥಿತಿಯನ್ನು ನೋಡಿ ನಿರ್ಧರಿಸತಕ್ಕದ್ದೇ ಹೊರತು ಸ್ಪರ್ಧೆಯ ದಿನಾಂಕವನ್ನು ನೋಡಿ ಅಲ್ಲ.

3. ಎರಡು ಉದಾಹರಣೆಗಳು

ಅಮೆರಿಕದ ಜೋನ್ ಬೆನೊಯಿಟ್ ಅವರಿಗೆ 1984ರ ಏಪ್ರಿಲ್ 25ರಂದು ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಕೇವಲ 17 ದಿನಗಳ ನಂತರ, ಮೇ 12ರಂದು, ಅವರು ಒಲಿಂಪಿಕ್ ಆಯ್ಕೆ ಮ್ಯಾರಥಾನ್ ಗೆದ್ದರು. ಆಗಸ್ಟ್ 5ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ಮಹಿಳೆಯರ ಪ್ರಥಮ ಒಲಿಂಪಿಕ್ ಮ್ಯಾರಥಾನ್‌ನಲ್ಲಿ 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನದ ಪದಕ ಪಡೆದರು. ಅವರ ತೊಂದರೆ ಕೀಲಿನ ಚಲನೆಗೆ ಇದ್ದ ಅಡ್ಡಿಯಾಗಿತ್ತು; ಅಡ್ಡಿ ನಿವಾರಣೆಯಾದೊಡನೆ ಕಾಲು ಕೆಲಸಕ್ಕೆ ಬಂದಿತು.

ಬ್ರಿಟನ್ನಿನ ಪೌಲಾ ರ‍್ಯಾಡ್‌ಕ್ಲಿಫ್ ಅವರಿಗೆ 2008ರಲ್ಲಿ ತೊಡೆಮೂಳೆಯಲ್ಲಿ ಒತ್ತಡದಿಂದ ಬಿರುಕು ಉಂಟಾಯಿತು. ಆಗ ವಿಶ್ವದಾಖಲೆ ಅವರ ಹೆಸರಿನಲ್ಲಿತ್ತು. ಆಗಸ್ಟ್ ತಿಂಗಳ ಬೀಜಿಂಗ್ ಒಲಿಂಪಿಕ್ಸ್‌ಗೆ ಅವರು ತರಾತುರಿಯಲ್ಲಿ ಸಿದ್ಧರಾಗಬೇಕಾಯಿತು. ಮ್ಯಾರಥಾನ್‌ನಲ್ಲಿ 23ನೆಯ ಸ್ಥಾನ ದೊರೆಯಿತು. ಅದೇ ವರ್ಷ ನವೆಂಬರ್ ತಿಂಗಳಲ್ಲಿ ಅವರು ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು.

ಈ ಇಬ್ಬರೂ ಅಸಾಧಾರಣ ಓಟಗಾರ್ತಿಯರು. ಗಾಯದ ಸ್ವರೂಪ ಬೇರೆಯಾದಂತೆ ಕಾಲಾವಧಿಯೂ ಬೇರೆಯಾಗುತ್ತದೆ. ಒಬ್ಬರು 17 ದಿನಗಳಲ್ಲಿ ಮರಳಿದರೆಂಬುದು ಮತ್ತೊಬ್ಬರಿಗೆ ಆಧಾರವಾಗಲಾರದು.

4. ವೈದ್ಯಕೀಯ ತಪಾಸಣೆ

ಅ) ಮೂಳೆಯ ಒಂದೇ ಜಾಗದಲ್ಲಿ ಒತ್ತಿದಾಗ ನೋವು, ಓಡುತ್ತಿದ್ದಂತೆ ಹೆಚ್ಚಾಗುವ ನೋವು ಅಥವಾ ರಾತ್ರಿ ವೇಳೆಯ ನೋವು ಕಂಡುಬಂದಲ್ಲಿ ಓಟವನ್ನು ನಿಲ್ಲಿಸಿ ಮೂಳೆ ತಜ್ಞರನ್ನು ಅಥವಾ ಕ್ರೀಡಾ ವೈದ್ಯರನ್ನು ಕಾಣತಕ್ಕದ್ದು.

ಆ) ಮೂಳೆಯ ಸೂಕ್ಷ್ಮ ಬಿರುಕು ಮೊದಲ ಎರಡು ಮೂರು ವಾರಗಳಲ್ಲಿ ಎಕ್ಸ್‌-ರೇಯಲ್ಲಿ ಕಾಣದಿರಬಹುದು. ಎಕ್ಸ್‌-ರೇ ಸರಿಯಿದೆ ಎಂದ ಮಾತ್ರಕ್ಕೆ ಓಟಕ್ಕೆ ಅನುಮತಿ ದೊರೆತಂತಾಗುವುದಿಲ್ಲ. ಅನುಮಾನವಿದ್ದಲ್ಲಿ ವೈದ್ಯರು ಎಂಆರ್‌ಐ ಪರೀಕ್ಷೆಗೆ ಸೂಚಿಸುತ್ತಾರೆ.

ಇ) ತೊಡೆಸಂದಿಯಲ್ಲಿ ನೋವಿದ್ದಲ್ಲಿ ವಿಳಂಬ ಮಾಡಬಾರದು. ತೊಡೆಮೂಳೆಯ ಕತ್ತಿನ ಭಾಗದ ಬಿರುಕನ್ನು ಕಡೆಗಣಿಸಿದರೆ ಮೂಳೆ ಪೂರ್ಣವಾಗಿ ಮುರಿಯುವ ಅಪಾಯವಿರುತ್ತದೆ.

ಈ) ಖರ್ಚು ಮಾಡುವ ಶಕ್ತಿಗೆ ತಕ್ಕ ಆಹಾರ ಸೇವಿಸದ ಓಟಗಾರರಲ್ಲಿ, ಪುರುಷರಿರಲಿ ಮಹಿಳೆಯರಿರಲಿ, ಮೂಳೆ ದುರ್ಬಲವಾಗುತ್ತದೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಈ ಸ್ಥಿತಿಯ ಬಗ್ಗೆ 2014ರಲ್ಲಿ ತಜ್ಞರ ಹೇಳಿಕೆ ಪ್ರಕಟಿಸಿ, 2023ರಲ್ಲಿ ಅದನ್ನು ಪರಿಷ್ಕರಿಸಿದೆ. ಮೂರು ತಿಂಗಳು ಮುಟ್ಟು ನಿಂತಿರುವ ಓಟಗಾರ್ತಿಯರು ಅದನ್ನು ಕಠಿಣ ಅಭ್ಯಾಸದ ಸಹಜ ಫಲವೆಂದು ಭಾವಿಸದೆ ವೈದ್ಯರಿಗೆ ತಿಳಿಸತಕ್ಕದ್ದು.

5. ಮರಳುವಿಕೆಯ ಹಂತಗಳು

ವೈದ್ಯರು ಅನುಮತಿ ನೀಡಿದ ನಂತರ ಫಿಸಿಯೋಥೆರಪಿಸ್ಟ್ ಹಾಗೂ ತರಬೇತುದಾರರ ಮೇಲ್ವಿಚಾರಣೆಯಲ್ಲಿ ಈ ಕೆಳಕಂಡ ಕ್ರಮವನ್ನು ಅನುಸರಿಸಬಹುದು. ಒಂದು ಹಂತ ತೊಂದರೆಯಿಲ್ಲದೆ ಮುಗಿಯದೆ ಮುಂದಿನ ಹಂತಕ್ಕೆ ಹೋಗಬಾರದು.

ಹಂತ 1: ಸತತ ಹಲವು ದಿನ, 30 ನಿಮಿಷ ವೇಗದ ನಡಿಗೆ ನೋವಿಲ್ಲದೆ ಸಾಧ್ಯವಾಗಬೇಕು.

ಹಂತ 2: ಗಾಯಗೊಂಡ ಕಾಲು ಇನ್ನೊಂದು ಕಾಲಿಗೆ ಸರಿಸಮನಾಗಬೇಕು. ಒಂಟಿಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ಹಾಗೂ ಒಂಟಿಕಾಲಿನ ಕುಪ್ಪಳಿಕೆಯನ್ನು ಎರಡೂ ಕಾಲುಗಳಲ್ಲಿ ಹೋಲಿಸಿ ನೋಡತಕ್ಕದ್ದು.

ಹಂತ 3: ದಿನ ಬಿಟ್ಟು ದಿನ, 1 ನಿಮಿಷ ನಿಧಾನ ಓಟ ಮತ್ತು 4 ನಿಮಿಷ ನಡಿಗೆಯಿಂದ ಆರಂಭಿಸಿ, ಕ್ರಮೇಣ 30 ನಿಮಿಷಗಳ ನಿರಂತರ ಓಟಕ್ಕೆ ತಲುಪಬೇಕು. 400 ಮೀಟರ್ ಟ್ರ್ಯಾಕ್‌ನಲ್ಲಿ ಅಥವಾ ಮನೆಯ ಸಮೀಪದ ಮೈದಾನದಲ್ಲಿ ಓಡುವುದು ಅನುಕೂಲಕರ. ನೋವು ಬಂದಲ್ಲಿ ತಕ್ಷಣ ನಿಲ್ಲಿಸಬಹುದು. ಕಿಲೋಮೀಟರ್‌ಗಟ್ಟಲೆ ದೂರ ಹೋದವರು ನೋವಿನಲ್ಲಿಯೇ ಹಿಂದಿರುಗಬೇಕಾಗುತ್ತದೆ.

ಹಂತ 4: ಮೊದಲು ದೂರವನ್ನು ಹೆಚ್ಚಿಸಬೇಕು, ವೇಗವನ್ನಲ್ಲ. ಹಿಂದಿನ 30 ದಿನಗಳ ಅತಿ ದೀರ್ಘ ಓಟಕ್ಕಿಂತ ಶೇ. 10ಕ್ಕೂ ಹೆಚ್ಚು ದೂರವನ್ನು ಒಂದೇ ದಿನ ಓಡುವವರಲ್ಲಿ ಗಾಯ ಹೆಚ್ಚೆಂದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿದೆ. ವಾರದ ಒಟ್ಟು ದೂರ ಮಾತ್ರವಲ್ಲದೆ ಒಂದು ದಿನದ ಓಟಕ್ಕೂ ಮಿತಿಯಿರಬೇಕು.

ಹಂತ 5: ವೇಗದ ಓಟ, ಏರು ರಸ್ತೆಯ ಓಟ ಹಾಗೂ ಸ್ಪೈಕ್ ಶೂಗಳ ಬಳಕೆಯನ್ನು ಒಂದೊಂದಾಗಿ ಸೇರಿಸಬೇಕು, ಒಂದೇ ವಾರದಲ್ಲಿ ಎಲ್ಲವನ್ನೂ ಅಲ್ಲ.

ಹಂತ 6: ಮೊದಲ ಸ್ಪರ್ಧೆಯು ತಮ್ಮ ಮುಖ್ಯ ದೂರಕ್ಕಿಂತ ಕಡಿಮೆ ದೂರದ್ದಾಗಿರುವುದು ಸೂಕ್ತ.

ಸ್ನಾಯುರಜ್ಜಿನ ಗಾಯಗಳಲ್ಲಿ ವ್ಯಾಯಾಮದ ವೇಳೆ ಅಲ್ಪ ನೋವಿಗೆ ತಜ್ಞರು ಅವಕಾಶ ನೀಡುವುದುಂಟು. ಆದರೆ ಆ ನೋವು ಮರುದಿನ ಬೆಳಗಿನೊಳಗೆ ತಗ್ಗಿರಬೇಕು. ಮೂಳೆಯ ಗಾಯದಲ್ಲಿ ಈ ರಿಯಾಯಿತಿ ಅನ್ವಯಿಸುವುದಿಲ್ಲ. ನೋವು ನಿವಾರಕ ಮಾತ್ರೆ ಸೇವಿಸಿ ಓಡಿದಲ್ಲಿ ಎಚ್ಚರಿಕೆಯ ಸೂಚನೆಯೇ ಮರೆಯಾಗುತ್ತದೆ.

6. ಔಷಧ ಮತ್ತು ಉದ್ದೀಪನ ಮದ್ದು ನಿಯಮಗಳು

ಗಾಯಕ್ಕೆ ಪಡೆದ ಪ್ರಾಮಾಣಿಕ ಚಿಕಿತ್ಸೆಯೂ ನಿಷೇಧಕ್ಕೆ ಕಾರಣವಾಗಬಹುದು. ಆದ್ದರಿಂದ ಕೆಳಕಂಡ ಅಂಶಗಳನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಅ) 2022ರ ಜನವರಿ 1ರಿಂದ, ಕೀಲು ಅಥವಾ ಸ್ನಾಯುರಜ್ಜಿನ ಬಳಿ ನೀಡುವ ಚುಚ್ಚುಮದ್ದೂ ಸೇರಿದಂತೆ ಎಲ್ಲಾ ಗ್ಲುಕೋಕಾರ್ಟಿಕಾಯ್ಡ್ ಚುಚ್ಚುಮದ್ದುಗಳನ್ನು ಸ್ಪರ್ಧಾ ಅವಧಿಯಲ್ಲಿ ನಿಷೇಧಿಸಲಾಗಿದೆ. ಸಾಮಾನ್ಯವಾಗಿ ಸ್ಪರ್ಧಾ ಅವಧಿಯು ಸ್ಪರ್ಧೆಯ ಹಿಂದಿನ ರಾತ್ರಿ 11.59ಕ್ಕೆ ಆರಂಭವಾಗುತ್ತದೆ. ಔಷಧ ಮತ್ತು ಚುಚ್ಚಿದ ಜಾಗವನ್ನು ಅನುಸರಿಸಿ, ಅದರ ಅಂಶ ದೇಹದಿಂದ ಹೊರಹೋಗಲು ಕೆಲವು ದಿನಗಳಿಂದ ಹಲವು ವಾರಗಳವರೆಗೆ ಬೇಕಾಗುತ್ತದೆ.

ಆ) ಟ್ರಮಡಾಲ್ ಎಂಬ ನೋವು ನಿವಾರಕವನ್ನು 2024ರ ಜನವರಿ 1ರಿಂದ ಸ್ಪರ್ಧಾ ಅವಧಿಯಲ್ಲಿ ನಿಷೇಧಿಸಲಾಗಿದೆ.

ಇ) ಇಂತಹ ಔಷಧ ಅನಿವಾರ್ಯವಾದಲ್ಲಿ ರಾಷ್ಟ್ರೀಯ ಮಟ್ಟದ ಕ್ರೀಡಾಪಟುಗಳು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ನಾಡಾಗೆ, ಚಿಕಿತ್ಸಾ ಬಳಕೆ ವಿನಾಯಿತಿ ಕೋರಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯನ್ನು ಸ್ಪರ್ಧೆಗೆ ಕನಿಷ್ಠ 30 ದಿನ ಮುಂಚಿತವಾಗಿ, ವೈದ್ಯರ ಸಹಿ ಹಾಗೂ ತಪಾಸಣಾ ವರದಿಗಳೊಂದಿಗೆ ಸಲ್ಲಿಸುವುದು ಸೂಕ್ತ. ಅರ್ಜಿ ಸಲ್ಲಿಸಿದ ಮಾತ್ರಕ್ಕೆ ವಿನಾಯಿತಿ ದೊರೆತಂತಲ್ಲ.

ಈ) ನೋಂದಾಯಿತ ಪರೀಕ್ಷಾ ಪಟ್ಟಿಯಲ್ಲಿರುವವರು ಗಾಯದ ಅವಧಿಯಲ್ಲಿಯೂ ತಮ್ಮ ವಾಸ್ತವ್ಯದ ವಿವರ ನೀಡುತ್ತಿರಬೇಕು. 12 ತಿಂಗಳಲ್ಲಿ ಮೂರು ಬಾರಿ ತಪ್ಪಿದಲ್ಲಿ ಅದು ನಿಯಮೋಲ್ಲಂಘನೆಯಾಗುತ್ತದೆ. ಈ ಪಟ್ಟಿಯಲ್ಲಿದ್ದು ನಿವೃತ್ತಿ ಘೋಷಿಸಿದವರು ರಾಷ್ಟ್ರೀಯ ಅಥವಾ ಅಂತಾರಾಷ್ಟ್ರೀಯ ಸ್ಪರ್ಧೆಗೆ ಮರಳಲು ಆರು ತಿಂಗಳ ಲಿಖಿತ ಮುನ್ಸೂಚನೆ ನೀಡಿ ಪರೀಕ್ಷೆಗೆ ಲಭ್ಯವಿರಬೇಕು.

ಉ) ವೈದ್ಯರ ಚೀಟಿ, ಔಷಧದ ಹೆಸರು, ಪ್ರಮಾಣ, ನೀಡಿದ ದಿನಾಂಕ ಹಾಗೂ ಸ್ಕ್ಯಾನ್ ವರದಿಗಳನ್ನು ಒಂದೇ ಕಡತದಲ್ಲಿ ಕಾಯ್ದಿರಿಸಿಕೊಳ್ಳತಕ್ಕದ್ದು. ದೇಹದಲ್ಲಿ ಕಂಡುಬರುವ ಪದಾರ್ಥಕ್ಕೆ ಕ್ರೀಡಾಪಟುವೇ ಹೊಣೆಗಾರರಾಗಿರುತ್ತಾರೆ.

7. ಪೋಷಕರು ಹಾಗೂ ತರಬೇತುದಾರರ ಗಮನಕ್ಕೆ

ಆಯ್ಕೆ ಸ್ಪರ್ಧೆ ತಪ್ಪಿದರೆ ಒಂದು ವರ್ಷ ವ್ಯರ್ಥವಾಗುವುದೆಂಬ ಆತಂಕ ಸಹಜವಾದುದು. ಆದರೆ ಮಾಗದ ಮೂಳೆಯ ಮೇಲೆ ಓಡಿ ಮತ್ತೆ ಬಿರುಕು ಉಂಟಾದಲ್ಲಿ ಆ ಸ್ಪರ್ಧೆಯೊಂದಿಗೆ ಮುಂದಿನ ಋತುವೂ ಕೈತಪ್ಪಬಹುದು. ಯುವ ಕ್ರೀಡಾಪಟುಗಳು ತಂಡದಿಂದ ಹೊರಗುಳಿಯುವ ಭಯದಿಂದ ನೋವನ್ನು ಮುಚ್ಚಿಡುವುದುಂಟು. ನೋವು ಹೇಳಿಕೊಂಡವರಿಗೆ ಸ್ಥಾನ ತಪ್ಪುವುದಿಲ್ಲವೆಂಬ ಭರವಸೆಯನ್ನು ತರಬೇತುದಾರರು ಮೊದಲೇ ನೀಡುವುದು ಅಪೇಕ್ಷಣೀಯ.

ಸೂಚನೆ: ಮೇಲ್ಕಂಡ ವಿವರಗಳು ಸಾಮಾನ್ಯ ಮಾಹಿತಿಗಾಗಿ ಮಾತ್ರ. ಇವು ವೈದ್ಯರ ಸಲಹೆಗೆ ಪರ್ಯಾಯವಲ್ಲ. ನಿಷೇಧಿತ ಪದಾರ್ಥಗಳ ಪಟ್ಟಿಯು ಪ್ರತಿ ವರ್ಷ ಜನವರಿ 1ರಂದು ಪರಿಷ್ಕೃತಗೊಳ್ಳುವುದರಿಂದ, ಸ್ಪರ್ಧೆಗೆ ಹೆಸರು ನೋಂದಾಯಿಸುವ ಮುನ್ನ ಆ ವರ್ಷದ ಪಟ್ಟಿಯನ್ನು ಪರಿಶೀಲಿಸತಕ್ಕದ್ದು.