ಮಂಡ್ಯದ ನಾಲೆ, ಚೌಳು ಮತ್ತು ಬಿಸಿಲು

ಮಂಡ್ಯ ಎಂದೊಡನೆ ತಮ್ಮ ಕಣ್ಣಿಗೆ ಕಟ್ಟುವುದು ಕಬ್ಬಿನ ಗದ್ದೆ, ಆಲೆಮನೆಯ ಹೊಗೆ. ನೂರು ವರ್ಷಗಳ ಹಿಂದೆ ಈ ಸೀಮೆ ಹೀಗಿರಲಿಲ್ಲ. ಕೆರೆ ತುಂಬಿದರೆ ಭತ್ತ. ತುಂಬದಿದ್ದರೆ ರಾಗಿ, ಹುರುಳಿ.

ವಿಚಿತ್ರವೆಂದರೆ, ನಾಲೆಯ ನೀರಿಗಿಂತ ಮೊದಲು ಈ ಸೀಮೆಯಲ್ಲಿ ವಿದ್ಯುತ್ತು ಹುಟ್ಟಿತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರ ಜೂನ್ 30ರಂದು ಅದು ತೊಂಬತ್ತು ಮೈಲಿಗೂ ಆಚೆಯ ಕೋಲಾರದ ಚಿನ್ನದ ಗಣಿಗೆ ಹರಿಯಿತು. ನೆರೆಯ ಹೊಲಗಳು ಮಾತ್ರ ಮುಗಿಲನ್ನೇ ನೋಡುತ್ತಿದ್ದವು.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ತೊಡಗಿತು. ಮುಂದೆ ಹುಲಿಕೆರೆಯ ಬಳಿ ಸುರಂಗ ಕೊರೆದು ನಾಲೆಯನ್ನು ತಂದರು. ಆಗ ವೈಸರಾಯರ ಹೆಸರಿನಿಂದ ಇರ್ವಿನ್ ನಾಲೆ ಎನಿಸಿದ್ದ ಅದೇ ಇಂದಿನ ವಿಶ್ವೇಶ್ವರಯ್ಯ ನಾಲೆ. ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗಳು ಗದ್ದೆಗಳಾದವು. ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ನರ ಪರಿಶ್ರಮದಿಂದ 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ಆದರೆ ನೀರಿನ ಹಿಂದೆಯೇ ಇನ್ನೊಂದು ಬಂತು. ನಾವು ಅದನ್ನು ಚೌಳು ಎನ್ನುತ್ತೇವೆ. ಉತ್ತರ ಕರ್ನಾಟಕದವರು ಸವಳು ಎನ್ನುತ್ತಾರೆ. ಸಿಹಿನೀರಿನಲ್ಲಿಯೂ ಅಲ್ಪಸ್ವಲ್ಪ ಲವಣ ಕರಗಿರುತ್ತದೆ. ಬಸಿದುಹೋಗಲು ದಾರಿಯಿಲ್ಲದ ತಗ್ಗಿನ ಗದ್ದೆಯಲ್ಲಿ ಅಂತರ್ಜಲ ಮೇಲೇರುತ್ತದೆ. ಬಿಸಿಲು ನೀರನ್ನು ಹೀರಿ ಲವಣವನ್ನು ಬಿಟ್ಟುಹೋಗುತ್ತದೆ. ಕಾಲಕ್ರಮೇಣ ನೆಲ ಬೆಳ್ಳಗಾಗಿ ಪೈರು ಕಮರುತ್ತದೆ.

1872ರಲ್ಲಿ ಚಿಲಿ ದೇಶದ ಲಾಸ್ ಸಲಿನಾಸ್‌ನಲ್ಲಿ ಉಪ್ಪುನೀರಿನ ಮೇಲೆ ಗಾಜು ಹೊದಿಸಿ, ಬಿಸಿಲಿನಿಂದ ಎದ್ದ ಹಬೆಯನ್ನು ಹಿಡಿದು ಸಿಹಿನೀರು ಪಡೆದರು. ಸೂರ್ಯನ ಕೆಲಸ ಎರಡೆಡೆಯೂ ಒಂದೇ. ಅಲ್ಲಿಯವರಿಗೆ ನೀರು ದಕ್ಕಿತು, ನಮ್ಮ ತಗ್ಗಿನ ಗದ್ದೆಗಳಿಗೆ ಉಪ್ಪು ದಕ್ಕಿತು.

ಇದಕ್ಕೆ ಮದ್ದಿಲ್ಲದೆ ಇಲ್ಲ. ಬಸಿಗಾಲುವೆ ತೋಡಬೇಕು, ಕ್ಷಾರ ಹೆಚ್ಚಿದ್ದರೆ ಮಣ್ಣು ಪರೀಕ್ಷಿಸಿ ಜಿಪ್ಸಂ ಹಾಕಬೇಕು, ಡಯಾಂಚ ಬೆಳೆದು ಹಸಿರೆಲೆ ಗೊಬ್ಬರವಾಗಿ ಉಳಬೇಕು. ಎಲ್ಲಕ್ಕಿಂತ ಮೊದಲು, ಬೇಕಾದಷ್ಟೇ ನೀರು ಕಟ್ಟಬೇಕು.

ನಾಲೆ ಮುಟ್ಟದ ಹೊಲದವರಿಗೆ ಕೊಳವೆಬಾವಿಯೇ ಗತಿ. ಅವರಿಗೀಗ ಬಿಸಿಲೇ ಪಂಪು ನಡೆಸಿಕೊಡುತ್ತದೆ. ಮಳವಳ್ಳಿಗೆ ನೆರೆಯಾದ ಕನಕಪುರ ತಾಲ್ಲೂಕಿನ ಹಾರೋಬೆಲೆ ಕಡೆ, 2014ರಲ್ಲಿ ಹೊರಟ 'ಸೂರ್ಯ ರೈತ' ಯೋಜನೆಯಲ್ಲಿ, ಪಂಪಿಗೆ ಬಳಸಿ ಉಳಿದ ವಿದ್ಯುತ್ತನ್ನು ರೈತ ಮಾರುವ ಏರ್ಪಾಡಿತ್ತು. ಈ ಏರ್ಪಾಡಿನಲ್ಲಿ ಒಂದು ವಿವೇಕವಿದೆ. ಬಿಸಿಲಿಗೆ ಬೆಲೆಯಿಲ್ಲವೆಂದು ಹಗಲೆಲ್ಲ ನೀರೆತ್ತಿದರೆ ಬಾವಿ ಬತ್ತೀತು. ಉಳಿಸಿದ ವಿದ್ಯುತ್ತಿಗೆ ಹಣ ಬರುವುದಾದರೆ ಕೈ ತಾನೇ ಹಿಡಿತಕ್ಕೆ ಬರುತ್ತದೆ. 2019ರಿಂದ ಕೇಂದ್ರದ 'ಕುಸುಮ್' ಯೋಜನೆಯೂ ಸೌರ ಪಂಪಿಗೆ ನೆರವಾಗಿದೆ.

ಹಳ್ಳಿಗಳ ಶುದ್ಧ ನೀರಿನ ಘಟಕಗಳಿಗೂ ಇದೇ ಮಾತು ಸಲ್ಲುತ್ತದೆ. ಶೋಧಿಸಿದ ನೀರು ಬಿಂದಿಗೆಗೆ ಬಂದರೆ, ಉಳಿದ ಲವಣದ ನೀರು ಎಲ್ಲಿಗೋ ಹರಿಯಲೇಬೇಕು. ಆದುದರಿಂದ ಹೊಸ ಯಂತ್ರ ತಮ್ಮ ಊರಿಗೆ ಬಂದಾಗ, ಅದು ಎಷ್ಟು ನೀರು ಕೊಡುತ್ತದೆಂದು ಕೇಳುವುದರ ಜೊತೆಗೆ, ಉಪ್ಪನ್ನು ಎಲ್ಲಿ ಬಿಡುತ್ತದೆಂದೂ ತಾವು ಕೇಳಬೇಕು. ಚೌಳು ಹಿಡಿದ ಗದ್ದೆಯನ್ನು ಉತ್ತವರು ಈ ಪ್ರಶ್ನೆಯ ಬೆಲೆಯನ್ನು ಬಲ್ಲರು.