ಓಕಾಕ್: 1918ರ ಮಹಾಮಾರಿಯಲ್ಲಿ ಒಂದು ಪುಟ್ಟ ಕರಾವಳಿ ಸಭೆಯ ದಿನಜೀವನ

ಧರ್ಮಸಭೆಯ ಇತಿಹಾಸದಲ್ಲಿ ಮಹಾಮಾರಿಗಳ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ನಗರಗಳಿಂದಲೇ ಕಲಿಯುತ್ತೇವೆ. ಮೂರನೆಯ ಶತಮಾನದ ಕಾರ್ಥೇಜಿನಲ್ಲಿ ಧರ್ಮಾಧ್ಯಕ್ಷರಾದ ಸಂತ ಸಿಪ್ರಿಯನ್, ಅದೇ ಕಾಲದ ಅಲೆಕ್ಸಾಂಡ್ರಿಯದಲ್ಲಿ ಸಂತ ಡಯೊನೀಸಿಯಸ್, 1576ರ ಮಿಲಾನಿನಲ್ಲಿ ಸಂತ ಚಾರ್ಲ್ಸ್ ಬೊರೊಮಿಯೊ, ರೋಮಿನಲ್ಲಿ ರೋಗಿಗಳ ಸೇವೆ ಮಾಡುತ್ತ ಸೋಂಕು ತಗಲಿ 1591ರಲ್ಲಿ ಮಡಿದ ಸಂತ ಅಲೋಶಿಯಸ್ ಗೊನ್ಜಾಗ: ಇವರ ಹೆಸರುಗಳು ನಮ್ಮ ತರಗತಿಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತವೆ. ಈ ಎಲ್ಲ ವೃತ್ತಾಂತಗಳಿಗೂ ಒಂದೇ ಚೌಕಟ್ಟಿದೆ. ಕೆಲವರು ರೋಗಿಗಳು, ಉಳಿದವರು ಆರೋಗ್ಯವಂತರು. ಆರೋಗ್ಯವಂತರಲ್ಲಿ ಕೆಲವರು ಪ್ರಾಣಭಯ ತೊರೆದು ರೋಗಿಗಳ ಬಳಿಗೆ ಹೋಗುತ್ತಾರೆ. ಕ್ರೈಸ್ತ ಪ್ರೀತಿಯ ಸಾಕ್ಷ್ಯವನ್ನು ನಾವು ಗುರುತಿಸುವುದು ಆ ಹೆಜ್ಜೆಯಲ್ಲಿ.

ಆದರೆ ಹಾಗೆ ಹೋಗಬಲ್ಲವರು ಯಾರೂ ಇಲ್ಲದಿದ್ದರೆ? ಇಡೀ ಊರೇ ಒಂದೇ ವಾರದಲ್ಲಿ ಹಾಸಿಗೆ ಹಿಡಿದರೆ, ನೀರು ತರಲು, ಒಲೆ ಹಚ್ಚಲು, ಹೆಣ ಹೊರಲು ಎದ್ದು ನಿಲ್ಲಬಲ್ಲ ಕಾಲುಗಳೇ ಇಲ್ಲದಿದ್ದರೆ, ಆ ಸಭೆಯ ವಿಶ್ವಾಸವನ್ನು ನಾವು ಎಲ್ಲಿ ಹುಡುಕಬೇಕು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಉತ್ತರ ಅಟ್ಲಾಂಟಿಕ್ ಸಾಗರದ ಲ್ಯಾಬ್ರಡಾರ್ ಕರಾವಳಿಯ ಎರಡು ಪುಟ್ಟ ನೆಲೆಗಳನ್ನು, ಮುಖ್ಯವಾಗಿ ಓಕಾಕ್ ಎಂಬ ಊರನ್ನು, ಈ ಲೇಖನದಲ್ಲಿ ಪರಿಶೀಲಿಸಲು ಬಯಸುತ್ತೇವೆ.

ಹಡಗು, ಹಬ್ಬ ಮತ್ತು ಋತುಮಾನ

ಲ್ಯಾಬ್ರಡಾರ್ ಇಂದು ಕೆನಡಾ ದೇಶದ ಭಾಗ. 1918ರಲ್ಲಿ ಅದು ನ್ಯೂಫೌಂಡ್‌ಲ್ಯಾಂಡ್ ಎಂಬ ಪ್ರತ್ಯೇಕ ಬ್ರಿಟಿಷ್ ಅಧೀನ ರಾಜ್ಯದ ಆಡಳಿತಕ್ಕೆ ಒಳಪಟ್ಟಿತ್ತು. ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರ ನಡುವೆ ಮೊರಾವಿಯನ್ ಸಹೋದರರು 1771ರಲ್ಲಿ ನೈನ್, 1776ರಲ್ಲಿ ಓಕಾಕ್, 1782ರಲ್ಲಿ ಹೋಪ್‌ಡೇಲ್ ಎಂಬ ನೆಲೆಗಳನ್ನು ಸ್ಥಾಪಿಸಿದರು. ಉತ್ತರದ ಹೆಬ್ರಾನ್ 19ನೆಯ ಶತಮಾನದಲ್ಲಿ ಸೇರಿಕೊಂಡಿತು. ಯಾನ್ ಹುಸ್‌ನ ಅನುಯಾಯಿಗಳ ಪರಂಪರೆಯಿಂದ ಬಂದು, 18ನೆಯ ಶತಮಾನದಲ್ಲಿ ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಜಿನ್‌ಜೆನ್‌ಡಾರ್ಫ್ ಪ್ರಭುವಿನ ಆಶ್ರಯದಲ್ಲಿ ಪುನರುಜ್ಜೀವನಗೊಂಡ ಪ್ರೊಟೆಸ್ಟೆಂಟ್ ಸಮುದಾಯವಿದು. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಓಕಾಕ್ ಆ ಕರಾವಳಿಯ ಅತಿ ದೊಡ್ಡ ಇನುಯಿಟ್ ಊರಾಗಿತ್ತು. ದೊಡ್ಡದೆಂದರೂ ಅಲ್ಲಿದ್ದವರು ಕೆಲವೇ ನೂರು ಜನ. 1903ರಲ್ಲಿ ಅಲ್ಲೊಂದು ಚಿಕ್ಕ ಆಸ್ಪತ್ರೆಯೂ ಆರಂಭವಾಗಿತ್ತು.

ಆ ಊರಿನ ದಿನಜೀವನವನ್ನು ಕಡಲೂ ಪಂಚಾಂಗವೂ ಜೊತೆಯಾಗಿ ನಡೆಸುತ್ತಿದ್ದವು. ಬೇಸಿಗೆಯಲ್ಲಿ ಕುಟುಂಬಗಳು ಹೊರದ್ವೀಪಗಳಿಗೆ ಹೋಗಿ ಕಾಡ್ ಮೀನು ಹಿಡಿದು ಉಪ್ಪು ಹಾಕುತ್ತಿದ್ದವು. ಚಳಿ ಇಳಿಯುವ ಮುನ್ನ ಸೀಲ್ ಬೇಟೆಯ ಬಿಡಾರಗಳಿಗೆ ಚದರುತ್ತಿದ್ದವು. ಸೀಲ್ ಎಂದರೆ ಮಾಂಸ, ದೀಪದ ಎಣ್ಣೆ, ಪಾದರಕ್ಷೆಯ ತೊಗಲು, ಸ್ಲೆಡ್ಜ್ ಎಳೆಯುವ ನಾಯಿಗಳ ಆಹಾರ. ಶರತ್ಕಾಲದ ಬೇಟೆ ಕೈಕೊಟ್ಟರೆ ಚಳಿಗಾಲವೆಲ್ಲ ಹಸಿವೇ. ಕ್ರಿಸ್ಮಸ್ ಸಮೀಪಿಸಿದಾಗ ಎಲ್ಲರೂ ಊರಿಗೆ ಮರಳಿ, ಪಾಸ್ಖದವರೆಗೆ ದೇವಾಲಯದ ಗಂಟೆಯ ಸುತ್ತ ಬಾಳುತ್ತಿದ್ದರು. ಇನುಕ್ಟಿಟುಟ್ ಭಾಷೆಯಲ್ಲಿ ಪವಿತ್ರ ಗ್ರಂಥವಿತ್ತು, ಅದನ್ನು ಓದಬಲ್ಲ ಜನರಿದ್ದರು, ಇನುಯಿಟ್ ವಾದ್ಯಗಾರರ ಹಿತ್ತಾಳೆ ವಾದ್ಯಮೇಳವಿತ್ತು.

ಈ ವರ್ಷಚಕ್ರದ ಅಚ್ಚು ಹಡಗು. ಲಂಡನ್ನಿನ ಮೊರಾವಿಯನ್ ಸಂಘವು 1770ರಿಂದ ವರ್ಷವರ್ಷವೂ ಹಡಗನ್ನು ಕಳುಹಿಸುತ್ತ ಬಂದಿತ್ತು. ಹಿಟ್ಟು, ಬಟ್ಟೆ, ಕಾಗದಗಳು, ಹೊಸ ಮಿಷನರಿಗಳು ಅದರಲ್ಲೇ ಬರುತ್ತಿದ್ದರು. ಉಪ್ಪುಮೀನು, ಸೀಲ್ ಎಣ್ಣೆ, ತುಪ್ಪಳ ಅದರಲ್ಲೇ ಹೋಗುತ್ತಿದ್ದವು. ವ್ಯಾಪಾರದ ಅಂಗಡಿಯನ್ನೂ ಮಿಷನ್ ಸಂಸ್ಥೆಯೇ ನಡೆಸುತ್ತಿತ್ತು. ಹೀಗೆ ಶುಭಸಂದೇಶ ಮತ್ತು ಸರಕು ಒಂದೇ ನೌಕೆಯ ಹೊಟ್ಟೆಯಲ್ಲಿ ಪಯಣಿಸಿದವು. 1918ರಲ್ಲಿ ಬಂದ ಹಡಗಿನ ಹೆಸರು ‘ಹಾರ್ಮನಿ’, ಅಂದರೆ ಸಾಮರಸ್ಯ.

ನವೆಂಬರ್ 1918

ನ್ಯೂಫೌಂಡ್‌ಲ್ಯಾಂಡಿನ ರಾಜಧಾನಿ ಸೇಂಟ್ ಜಾನ್ಸ್‌ನಲ್ಲಿ ಅಕ್ಟೋಬರ್ ತಿಂಗಳಲ್ಲಿ ಇನ್‌ಫ್ಲುಯೆನ್ಜಾ ಹರಡಿತ್ತು. ಅಲ್ಲಿಂದ ಹೊರಟ ಹಾರ್ಮನಿ ಅಕ್ಟೋಬರ್ 27ರಂದು ಹೆಬ್ರಾನ್ ತಲುಪಿತು, ನವೆಂಬರ್ 4ರಂದು ಓಕಾಕ್‌ಗೆ ಬಂದಿತು. ಎಂದಿನಂತೆ ಊರಿನವರು ದಡಕ್ಕೆ ಬಂದರು, ಸರಕನ್ನು ಇಳಿಸಿದರು, ಮೀನನ್ನು ಏರಿಸಿದರು. ಕೆಲವೇ ದಿನಗಳಲ್ಲಿ ಹಡಗು ಹೊರಟುಹೋಯಿತು. ಕುಟುಂಬಗಳು ಎಂದಿನಂತೆ ಸೀಲ್ ಬೇಟೆಯ ಬಿಡಾರಗಳಿಗೆ ಹೊರಟವು. ಜ್ವರವೂ ಅವರೊಡನೆ ಹೋಯಿತು.

‘ಎಂದಿನಂತೆ’ ಎಂಬ ಪದವನ್ನು ನಾವು ಬೇಕೆಂದೇ ಬಳಸುತ್ತಿದ್ದೇವೆ. ರೋಗವನ್ನು ಹರಡಿದ್ದು ಯಾವುದೋ ಅಸಾಧಾರಣ ಅಪಚಾರವಲ್ಲ, ದಿನಜೀವನವೇ. ಹಡಗನ್ನು ಕಂಡು ಸೇರುವ ಸಂತೋಷ, ಕೂಡಿ ದುಡಿಯುವ ಅಭ್ಯಾಸ, ಋತು ಬಂದಾಗ ಬೇಟೆಗೆ ಹೋಗುವ ಕರ್ತವ್ಯ: ಸಮುದಾಯವನ್ನು ಕಟ್ಟಿದ ಎಳೆಗಳೇ ಸಾವಿನ ದಾರಿಗಳೂ ಆದವು.

ಅಂಕಿಗಳು ಚಿಕ್ಕವು, ಆದುದರಿಂದಲೇ ಭಯಂಕರ. ಓಕಾಕ್‌ನ 263 ಜನರಲ್ಲಿ 204 ಮಂದಿ ತೀರಿಕೊಂಡರು. ಹೆಬ್ರಾನ್‌ನಲ್ಲಿದ್ದ ಸುಮಾರು ನೂರು ಮಂದಿಯಲ್ಲಿ 86 ಜನ ಸತ್ತರು. ಓಕಾಕ್‌ನಲ್ಲಿ ವಯಸ್ಕ ಇನುಯಿಟ್ ಪುರುಷರೊಬ್ಬರೂ ಉಳಿಯಲಿಲ್ಲ. ಯುರೋಪಿನಲ್ಲಿ ಮಹಾಯುದ್ಧ ನಿಂತುದು ನವೆಂಬರ್ 11ರಂದು. ನವೆಂಬರ್ 13 ಮೊರಾವಿಯನ್ನರಿಗೆ ಕ್ರಿಸ್ತರನ್ನು ತಮ್ಮ ಸಭೆಯ ಪರಮ ಹಿರಿಯರೆಂದು ಕೊಂಡಾಡುವ ದಿನ; 1741ರಿಂದ ಆಚರಣೆಯಲ್ಲಿರುವ ಸ್ಮರಣೆಯದು. ಆ ವರ್ಷ ಅದೇ ವಾರಗಳಲ್ಲಿ ಓಕಾಕ್‌ನ ಮನೆಗಳು ಒಂದೊಂದಾಗಿ ಮೌನವಾಗುತ್ತಿದ್ದವು.

ಸಾವಿಗೆ ರೋಗಾಣುವೊಂದೇ ಕಾರಣವಾಗಿರಲಿಲ್ಲ. ಇಕ್ಕಟ್ಟಾದ ಮನೆಗಳಲ್ಲಿ ಎಲ್ಲರೂ ಒಟ್ಟಿಗೆ ಮಲಗಿದಾಗ ಸೌದೆ ತರುವವರಿಲ್ಲದೆ ಒಲೆ ಆರಿತು. ಒಲೆ ಆರಿದಾಗ ಹಿಮ ಕರಗಿಸಿ ನೀರು ಮಾಡುವುದು ನಿಂತಿತು. ಜ್ವರ, ಚಳಿ, ದಾಹ, ಹಸಿವು ಒಂದಾದವು. ನ್ಯುಮೋನಿಯಾ ಅದರ ಹಿಂದೆಯೇ ಬಂದಿತು. ಉಣಿಸುವವರಿಲ್ಲದ ನಾಯಿಗಳು ಹೆಣಗಳ ಮೇಲೆ ಬಿದ್ದುದರಿಂದ ಅವುಗಳನ್ನು ಗುಂಡಿಕ್ಕಿ ಕೊಲ್ಲಬೇಕಾಯಿತು. ದೂರದ ಬಿಡಾರವೊಂದರಲ್ಲಿ ಮನೆಯವರೆಲ್ಲ ಸತ್ತ ಮೇಲೆ ಸುಮಾರು ಎಂಟು ವರ್ಷದ ಬಾಲಕಿಯೊಬ್ಬಳು ವಾರಗಟ್ಟಲೆ ಒಂಟಿಯಾಗಿ ಬದುಕಿ ಉಳಿದಳು. ನಗರದ ಮಹಾಮಾರಿಗೂ ಪುಟ್ಟ ಊರಿನ ಮಹಾಮಾರಿಗೂ ಇರುವ ವ್ಯತ್ಯಾಸ ಇಲ್ಲಿದೆ. ನಗರದಲ್ಲಿ ಬೀದಿಯ ಈ ಬದಿ ಬಿದ್ದಾಗ ಆ ಬದಿ ನಿಂತಿರುತ್ತದೆ. ಪುಟ್ಟ ಊರಿಗೆ ಎರಡು ಬದಿಗಳಿರುವುದಿಲ್ಲ.

ಸಮಾಧಿಯ ಕ್ರಮ ಮುರಿದಾಗ

ಮೊರಾವಿಯನ್ ಸಭೆಗಳಲ್ಲಿ ಮರಣಕ್ಕೆ ಸುಂದರವಾದ ಒಂದು ಕ್ರಮವಿದೆ. ಸದಸ್ಯರನ್ನು ವಯಸ್ಸಿಗೂ ಜೀವನಸ್ಥಿತಿಗೂ ತಕ್ಕಂತೆ ಬಳಗಗಳಾಗಿ ವಿಂಗಡಿಸುತ್ತಾರೆ: ಮಕ್ಕಳು, ಅವಿವಾಹಿತ ಸಹೋದರರು, ಅವಿವಾಹಿತ ಸಹೋದರಿಯರು, ವಿವಾಹಿತರು, ವಿಧವೆಯರು. ‘ದೇವರ ಹೊಲ’ ಎಂದು ಕರೆಯಲಾಗುವ ಸಮಾಧಿ ಭೂಮಿಯಲ್ಲಿಯೂ ಮೃತರು ಕುಟುಂಬದೊಡನೆ ಅಲ್ಲ, ತಮ್ಮ ಬಳಗದೊಡನೆ ಮಲಗುತ್ತಾರೆ. ಕಲ್ಲುಗಳು ಸರಳ, ಒಬ್ಬರ ಕಲ್ಲು ಮತ್ತೊಬ್ಬರದಕ್ಕಿಂತ ಎತ್ತರವಲ್ಲ. ಪಾಸ್ಖದ ಮುಂಜಾನೆ ಸಭೆ ವಾದ್ಯಗಳೊಡನೆ ಅಲ್ಲಿಗೆ ಹೋಗಿ ಪುನರುತ್ಥಾನವನ್ನು ಸಾರುತ್ತದೆ. ಇನ್ನೊಂದು ಪದ್ಧತಿ ನಮ್ಮ ಗಮನಕ್ಕೆ ಅರ್ಹ. ಸದಸ್ಯನು ದೇವರೊಡನೆ ನಡೆದ ಬಾಳಿನ ವೃತ್ತಾಂತವನ್ನು ಬರೆದಿಟ್ಟು, ಅವನ ಅಂತ್ಯಸಂಸ್ಕಾರದಲ್ಲಿ ಅದನ್ನು ಓದುವುದು. ಅರಸನಿಗಾಗಲಿ ಸೇವಕಿಗಾಗಲಿ ಒಂದು ಬಾಳಿದೆ, ಆ ಬಾಳನ್ನು ಸಭೆ ಒಮ್ಮೆಯಾದರೂ ಕೇಳಬೇಕು ಎಂಬುದು ಅದರ ಹಿಂದಿನ ದೈವಶಾಸ್ತ್ರ.

1918ರಲ್ಲಿ ಈ ಕ್ರಮ ಕುಸಿಯಿತು. ಹೆಬ್ರಾನ್‌ನಲ್ಲಿ ನೆಲ ಹೆಪ್ಪುಗಟ್ಟಿತ್ತು, ಅಗೆಯುವ ಕೈಗಳಿರಲಿಲ್ಲ. ಮಿಷನರಿ ವಾಲ್ಟರ್ ಪೆರೆಟ್ ಮತ್ತು ಉಳಿದ ಕೆಲವರು ಕಡಲ ಮಂಜುಗಡ್ಡೆಯಲ್ಲಿ ಕಂಡಿ ತೋಡಿ, ಹೆಣಗಳಿಗೆ ಕಲ್ಲು ಕಟ್ಟಿ ನೀರಿಗಿಳಿಸಿದರು. ಓಕಾಕ್‌ನಲ್ಲಿ ಮಿಷನರಿ ಆಂಡ್ರ್ಯೂ ಆಸ್ಬೊ ಅವರೊಡನೆ ವಿಧವೆಯರೇ ಸಾಮೂಹಿಕ ಗುಂಡಿ ತೋಡಿದರು. ಅದರಲ್ಲಿ ಬಳಗಗಳಿರಲಿಲ್ಲ. ಮಗು, ಅಜ್ಜಿ, ವಾದ್ಯಗಾರ, ಬೇಟೆಗಾರ ಎಲ್ಲರೂ ಒಟ್ಟಿಗೆ ಮಲಗಿದರು. ಇಷ್ಟು ಜನರ ಬಾಳಿನ ವೃತ್ತಾಂತವನ್ನು ಓದಲು ಕಾಲವೂ ಇರಲಿಲ್ಲ, ಧ್ವನಿಯೂ ಇರಲಿಲ್ಲ.

ಆದರೂ ನಾವು ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿಗುವುದು ಈ ಗುಂಡಿಯ ಅಂಚಿನಲ್ಲೇ. ಅಲ್ಲಿ ಗುದ್ದಲಿ ಹಿಡಿದ ಹೆಂಗಸರು ಆಗತಾನೇ ಜ್ವರದಿಂದ ಎದ್ದವರು, ಗಂಡನನ್ನೋ ಮಕ್ಕಳನ್ನೋ ಕಳೆದುಕೊಂಡವರು. ಅವರದು ಆರೋಗ್ಯವಂತರು ರೋಗಿಗಳಿಗೆ ತೋರಿದ ದಯೆಯಲ್ಲ. ಮುರಿದವರು ಮೃತರಿಗೆ ಸಲ್ಲಿಸಿದ ಋಣ. ಸತ್ತವರನ್ನು ಹೂಳುವುದನ್ನು ನಮ್ಮ ಪರಂಪರೆ ದಯೆಯ ಶಾರೀರಿಕ ಕಾರ್ಯಗಳಲ್ಲಿ ಒಂದೆಂದು ಎಣಿಸುತ್ತದೆ. ಗಡೀಪಾರಾದ ತೋಬಿತನು ಊಟದೆದುರಿನಿಂದ ಎದ್ದು ಹೋಗಿ ಮಾಡಿದ ಕೆಲಸವದು. ಅದಕ್ಕೆ ಪ್ರತಿಫಲವನ್ನು ಕೊಡಬಲ್ಲ ಮನುಷ್ಯರು ಎದುರಿಗಿರುವುದಿಲ್ಲ. ಗಂಟೆ, ವಾದ್ಯ, ಪಠನ ಯಾವುದೂ ಇಲ್ಲದಿದ್ದಾಗ ಆ ಸಭೆಯ ಆರಾಧನೆ ಮಣ್ಣು ಅಗೆಯುವ ಕೆಲಸಕ್ಕೆ ಇಳಿಯಿತು. ಅದು ಆರಾಧನೆಯ ಕೊರತೆಯೆಂದು ನಾವು ಭಾವಿಸುವುದಿಲ್ಲ.

ಅರ್ಥ ಹೇಳುವ ಆತುರ

ಇನ್ನೊಂದು ಕಠಿಣ ಪ್ರಶ್ನೆ ಉಳಿಯುತ್ತದೆ. ಶುಭಸಂದೇಶದ ಹಡಗೇ ಸಾವನ್ನು ತಂದಿತು. ಧರ್ಮಪ್ರಚಾರದ ಇತಿಹಾಸವನ್ನು ಬರೆಯುವವರಿಗೆ ಇಲ್ಲಿ ಎರಡು ಸುಲಭದ ದಾರಿಗಳಿವೆ. ಇದನ್ನು ದೈವಚಿತ್ತದ ನಿಗೂಢತೆ ಎಂದು ಕರೆದು ಮುಂದಿನ ಅಧ್ಯಾಯಕ್ಕೆ ಹೋಗುವುದು ಒಂದು. ಇಡೀ ಮಿಷನ್ ಕಾರ್ಯವೇ ಈ ಹಡಗಿನ ರೋಗವಲ್ಲದೆ ಬೇರೇನೂ ಅಲ್ಲ ಎಂದು ತೀರ್ಪು ನೀಡುವುದು ಇನ್ನೊಂದು. ಮೊದಲನೆಯದು ಸತ್ತವರನ್ನು ದೃಷ್ಟಾಂತವಾಗಿಸುತ್ತದೆ. ಎರಡನೆಯದು ಆ ಜನ ತಮ್ಮದಾಗಿಸಿಕೊಂಡ ವಿಶ್ವಾಸವನ್ನು, ಅವರ ಭಾಷೆಯ ಪವಿತ್ರ ಗ್ರಂಥವನ್ನು, ಅವರ ಸಂಗೀತವನ್ನು ಅಳಿಸಿಹಾಕುತ್ತದೆ. ಸಿಲೋವದ ಗೋಪುರ ಬಿದ್ದು ಹದಿನೆಂಟು ಜನ ಸತ್ತಾಗ, ಅವರ ಪಾಪವನ್ನು ಅಳೆಯುವ ಲೆಕ್ಕಾಚಾರವನ್ನು ಪ್ರಭು ಯೇಸು ತಳ್ಳಿಹಾಕಿದರೆಂಬುದನ್ನು ಸಂತ ಲೂಕ ದಾಖಲಿಸುತ್ತಾರೆ. ಯೋಬನ ಗೆಳೆಯರು ಸರಿಯಾಗಿ ನಡೆದುಕೊಂಡದ್ದು ಏಳು ದಿನ ಬಾಯಿ ತೆರೆಯದೆ ನೆಲದ ಮೇಲೆ ಕುಳಿತಾಗ ಮಾತ್ರ. ವಿವರಣೆ ಆರಂಭಿಸಿದ ಮೇಲೆ ಅವರು ತಪ್ಪಿದರು.

ಇತಿಹಾಸಕಾರನ ಕೆಲಸ ಆ ಏಳು ದಿನಗಳಿಗೆ ಹತ್ತಿರವಾದುದು. ಕಾರಣಗಳನ್ನು ಅವನು ಮುಚ್ಚುವುದಿಲ್ಲ: ರೋಗ ಹರಡಿದ ಬಂದರಿನಿಂದ ಹಡಗು ಹೊರಟಿತು, ಜನ ಸರಕು ಇಳಿಸಿದರು, ಸೌದೆ ತರುವವರಿರಲಿಲ್ಲ. ಆದರೆ ಕಾರಣ ಹೇಳುವುದು ಬೇರೆ, ಸಾವಿಗೆ ಅರ್ಥ ಹಚ್ಚುವುದು ಬೇರೆ. ಈ ಎರಡರ ನಡುವಿನ ಗೆರೆಯನ್ನು ಕಾಯುವುದೂ ದೈವಶಾಸ್ತ್ರದ ಶಿಸ್ತು.

ಬದುಕುಳಿದವರು ಓಕಾಕ್‌ನ ಮನೆಗಳನ್ನೂ ಸಾಮಾನುಗಳನ್ನೂ ಸುಟ್ಟುಹಾಕಿ ಇತರ ನೆಲೆಗಳಿಗೆ ಹೋದರು. 1919ರಲ್ಲಿ ಆ ನೆಲೆ ಮುಚ್ಚಿತು. ಬಹುಕಾಲ ಈ ಕಥೆ ಮಿಷನ್ ವರದಿಗಳಲ್ಲಿ, ಮಿಷನರಿಗಳ ಮಾತಿನಲ್ಲಿ ಮಾತ್ರ ಉಳಿದಿತ್ತು. 1985ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ‘ದಿ ಲಾಸ್ಟ್ ಡೇಸ್ ಆಫ್ ಓಕಾಕ್’ ಎಂಬ ಸಾಕ್ಷ್ಯಚಿತ್ರದಲ್ಲಿ, ಅಂದು ಮಕ್ಕಳಾಗಿದ್ದು ಈಗ ಮುಪ್ಪಾದವರು ತಮ್ಮ ಬಾಯಿಂದಲೇ ಅದನ್ನು ನುಡಿದರು. ಗುಂಡಿಯ ಬಳಿ ಓದಲಾಗದೆ ಉಳಿದ ವೃತ್ತಾಂತಗಳು ಸುಮಾರು 67 ವರ್ಷಗಳ ಅನಂತರ ಓದಲ್ಪಟ್ಟವು ಎಂದು ನಾವು ಹೇಳಬಹುದು.

ನಮ್ಮ ಓದುಗರಲ್ಲಿ ಅನೇಕರು 2020 ಮತ್ತು 2021ರಲ್ಲಿ ಮುಚ್ಚಿದ ಬಾಗಿಲಿನ ಹಿಂದೆ ಪವಿತ್ರ ವಾರವನ್ನು ಆಚರಿಸಿದವರು. ಬಂಧುಗಳು ದೂರ ನಿಂತಿರಲು ಅಪರಿಚಿತರ ಕೈಯಿಂದ ಸಮಾಧಿಗೆ ಇಳಿದವರಿಗಾಗಿ ಪ್ರಾರ್ಥಿಸಿದವರು. ಆ ದಿನಗಳು ಈಗಾಗಲೇ ಅಂಕಿಗಳಾಗಿ ಮಾರ್ಪಡುತ್ತಿವೆ. ಧರ್ಮಸಭೆಯ ಕಾನೂನಿನ 535ನೆಯ ವಿಧಿಯಂತೆ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಮರಣ ದಾಖಲೆಯ ಪುಸ್ತಕವಿರಬೇಕು. ಅದರಲ್ಲಿ ಹೆಸರೂ ದಿನಾಂಕವೂ ಉಳಿಯುತ್ತವೆ. ಆದರೆ ಆ ತಿಂಗಳುಗಳಲ್ಲಿ ಯಾರು ಯಾರ ಮನೆ ಬಾಗಿಲಿಗೆ ಗಂಜಿ ಇಟ್ಟು ಹೋದರು, ಯಾರು ಹೆಣ ಹೊತ್ತರು, ಯಾವ ಮನೆಯವರು ಮೀನು ಮಾರಲಾಗದೆ ಸಾಲ ಮಾಡಿದರು, ಜಪಸರವನ್ನು ಮನೆಮನೆಯಲ್ಲಿ ಯಾರು ಮುನ್ನಡೆಸಿದರು ಎಂಬುದಕ್ಕೆ ಆ ಪುಸ್ತಕದಲ್ಲಿ ಅಂಕಣವಿಲ್ಲ. ಅದು ಧರ್ಮಕೇಂದ್ರದ ವೃತ್ತಾಂತಕ್ಕೆ ಸೇರಬೇಕಾದದ್ದು. ಅದನ್ನು ಬರೆಯಬೇಕಾದವರು ಅಲ್ಲಿನ ಯಾಜಕರು.

ಪಾಲನಾ ಸೇವೆಗೆ ಹೊರಡಲಿರುವ ಗುರು ಅಭ್ಯರ್ಥಿಗಳಿಗೆ ನಮ್ಮ ವಿನಂತಿ ಇಷ್ಟೇ. ನಿಮಗೆ ಒಪ್ಪಿಸಲಾಗುವ ಮೊದಲ ಧರ್ಮಕೇಂದ್ರದಲ್ಲಿ ವೃತ್ತಾಂತದ ಪುಸ್ತಕವನ್ನು ತೆರೆದು, ಆ ಎರಡು ವರ್ಷಗಳ ಪುಟಗಳನ್ನು ನೋಡಿರಿ. ಅವು ಖಾಲಿಯಿದ್ದರೆ ವಿಧವೆಯರ ಬಳಿ, ಶವ ಹೊತ್ತ ಯುವಕರ ಬಳಿ ಹೋಗಿ ಕುಳಿತುಕೊಳ್ಳಿರಿ. ವಿವರಣೆ ನೀಡಲು ಹೋಗಬೇಡಿರಿ, ಕೇಳಿ, ಬರೆದುಕೊಳ್ಳಿರಿ. ಓಕಾಕ್‌ನ ವೃತ್ತಾಂತಗಳು ಕಾದಷ್ಟು ಕಾಲ ನಮ್ಮವು ಕಾಯಬೇಕಾಗಿಲ್ಲ.