ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್

ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್ ಇಂಗ್ಲೆಂಡಿನ ಪ್ರೊಗ್ರೆಸಿವ್ ರಾಕ್ ತಂಡವಾದ ಯೆಸ್‌ನ ಆರನೆಯ ಸ್ಟುಡಿಯೊ ಆಲ್ಬಮ್. ಅಟ್ಲಾಂಟಿಕ್ ರೆಕಾರ್ಡ್ಸ್ ಸಂಸ್ಥೆಯು ಇದನ್ನು 1973ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನಲ್ಲಿಯೂ 1974ರ ಜನವರಿಯಲ್ಲಿ ಅಮೆರಿಕದಲ್ಲಿಯೂ ಬಿಡುಗಡೆ ಮಾಡಿತು. ಎರಡು ಎಲ್‌ಪಿಗಳ ನಾಲ್ಕು ಬದಿಗಳಲ್ಲಿ ನಾಲ್ಕೇ ರಚನೆಗಳಿದ್ದು, ಒಟ್ಟು ಅವಧಿ ಸುಮಾರು 80 ನಿಮಿಷ. ಪರಮಹಂಸ ಯೋಗಾನಂದರ ‘ಯೋಗಿಯ ಆತ್ಮಕಥೆ’ (1946) ಕೃತಿಯ ಒಂದು ಅಡಿಟಿಪ್ಪಣಿಯೇ ಇದರ ಮೂಲ. ಒಂದೇ ವಿಷಯದ ಸುತ್ತ ಹೆಣೆದ ಇಂತಹ ‘ಕಾನ್ಸೆಪ್ಟ್ ಆಲ್ಬಮ್’ಗಳ ಪೈಕಿ ಇದು ಅತ್ಯಂತ ಕ್ಲಿಷ್ಟವಾದವುಗಳಲ್ಲಿ ಒಂದೆಂದು ಹೆಸರಾಗಿದೆ.

ಹಿನ್ನೆಲೆ

ಕಿಂಗ್ ಕ್ರಿಮ್ಸನ್ ತಂಡದ ಜೇಮಿ ಮ್ಯೂರ್ 1973ರ ಮಾರ್ಚ್‌ನಲ್ಲಿ ಯೆಸ್‌ನ ಗಾಯಕ ಜಾನ್ ಆಂಡರ್ಸನ್‌ಗೆ ಯೋಗಾನಂದರ ಪುಸ್ತಕವನ್ನು ಓದುವಂತೆ ಸೂಚಿಸಿದರು. ಅದೇ ತಿಂಗಳು ಜಪಾನ್ ಪ್ರವಾಸದಲ್ಲಿದ್ದಾಗ ಟೋಕಿಯೊದ ಹೋಟೆಲೊಂದರಲ್ಲಿ ಆಂಡರ್ಸನ್ ಅವರ ಗಮನವನ್ನು ಪುಸ್ತಕದ 83ನೆಯ ಪುಟದ ಟಿಪ್ಪಣಿ ಸೆಳೆಯಿತು. ಅದು ಶಾಸ್ತ್ರಗಳನ್ನು ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ನಾಲ್ಕು ಶಾಸ್ತ್ರಗಳಿಗೆ ನಾಲ್ಕು ಬದಿಗಳೆಂಬ ಯೋಜನೆ ಹೀಗೆ ಹುಟ್ಟಿತು. ಗಿಟಾರ್ ವಾದಕ ಸ್ಟೀವ್ ಹೌ ಅವರೊಂದಿಗೆ ಆಂಡರ್ಸನ್ ಪ್ರವಾಸದುದ್ದಕ್ಕೂ ಹೋಟೆಲ್ ಕೋಣೆಗಳಲ್ಲಿ, ಮೇಣದಬತ್ತಿಯ ಬೆಳಕಿನಲ್ಲಿ, ಇದರ ರೂಪುರೇಷೆ ಸಿದ್ಧಪಡಿಸಿದರು.

ಮೂಲಕೃತಿಗೆ ಕರ್ನಾಟಕದ ನಂಟೂ ಇದೆ. ಯುವರಾಜರ ಆಹ್ವಾನದ ಮೇರೆಗೆ ಯೋಗಾನಂದರು 1935ರಲ್ಲಿ ಮೈಸೂರು ಸಂಸ್ಥಾನಕ್ಕೆ ಭೇಟಿ ನೀಡಿದ ವಿವರ ಆತ್ಮಕಥೆಯಲ್ಲಿಯೇ ಇದೆ. ಆಗ ಬೆಂಗಳೂರಿನಲ್ಲಿ ಅವರು ಉಪನ್ಯಾಸ ನೀಡಿದ ಮೂರು ಸ್ಥಳಗಳಲ್ಲಿ ನ್ಯಾಷನಲ್ ಹೈಸ್ಕೂಲ್ ಒಂದು. ಇದು ಇಂದಿನ ಬಸವನಗುಡಿ, ಗಿರಿನಗರ ಭಾಗದ ನಿವಾಸಿಗಳಿಗೆ ಪರಿಚಿತವಾದ ಸಂಸ್ಥೆ.

ಧ್ವನಿಮುದ್ರಣ

1973ರಲ್ಲಿ ಲಂಡನ್ನಿನ ಮಾರ್ಗನ್ ಸ್ಟುಡಿಯೋದಲ್ಲಿ ಧ್ವನಿಮುದ್ರಣ ನಡೆಯಿತು. ಹಳ್ಳಿಯ ವಾತಾವರಣ ಬೇಕೆಂಬ ಬಯಕೆಯಿಂದ ಸ್ಟುಡಿಯೋದೊಳಗೆ ಹುಲ್ಲಿನ ಹೊರೆಗಳನ್ನೂ ರಟ್ಟಿನ ಹಸುಗಳನ್ನೂ ಇರಿಸಲಾಗಿತ್ತು. ಆಂಡರ್ಸನ್ ಮತ್ತು ಹೌ ಅವರಲ್ಲದೆ ಕ್ರಿಸ್ ಸ್ಕ್ವೈರ್ (ಬಾಸ್), ರಿಕ್ ವೇಕ್‌ಮನ್ (ಕೀಬೋರ್ಡ್) ಹಾಗೂ ಅಲನ್ ವೈಟ್ (ಡ್ರಮ್ಸ್) ನುಡಿಸಿದ್ದಾರೆ. ತಂಡದೊಂದಿಗೆ ಎಡ್ಡಿ ಆಫರ್ಡ್ ನಿರ್ಮಾಪಕರಾಗಿದ್ದರು. ಮುಖಪುಟದ ಚಿತ್ರ ರೋಜರ್ ಡೀನ್ ಅವರದು.

ರಚನೆಗಳು

ಮೊದಲನೆಯ ‘ದ ರಿವೀಲಿಂಗ್ ಸೈನ್ಸ್ ಆಫ್ ಗಾಡ್’ ಶ್ರುತಿಗೆ ಸಂಬಂಧಿಸಿದ್ದು. ಕನ್ನಡ ಕೇಳುಗರಿಗೆ ಶ್ರುತಿ ಎಂದೊಡನೆ ತಂಬೂರಿ ನೆನಪಾಗುವುದು ಸಹಜ. ಇಲ್ಲಿ ಅದರ ಅರ್ಥ ವೇದ. ಮಂತ್ರಪಠಣವನ್ನು ಹೋಲುವ, ಉಸಿರು ಬಿಡದಂತೆ ಸಾಗುವ ಸಾಮೂಹಿಕ ಗಾಯನದಿಂದ ಇದು ಮೊದಲಾಗುತ್ತದೆ. ಎರಡನೆಯ ‘ದ ರಿಮೆಂಬರಿಂಗ್’ ಸ್ಮೃತಿಯನ್ನು ಕುರಿತದ್ದು. ಆಲ್ಬಮ್‌ನ ಹೊದಿಕೆಯಲ್ಲಿ ಈ ಪದ ‘ಸುರಿತಿ’ ಎಂಬಂತೆ ಅಚ್ಚಾಗಿದೆ. ನಿಧಾನಗತಿಯ ಈ ಭಾಗದಲ್ಲಿ ವೇಕ್‌ಮನ್ ಅವರ ಕೀಬೋರ್ಡ್ ಪ್ರಧಾನವಾಗಿದ್ದು, ಕೇಳುಗರ ತಾಳ್ಮೆಯನ್ನು ಅತಿ ಹೆಚ್ಚು ಪರೀಕ್ಷಿಸುವ ಭಾಗವೂ ಇದೇ.

ಪುರಾಣಕ್ಕೆ ಮೀಸಲಾದ ‘ದ ಏನ್ಷಿಯಂಟ್’ ಭಾಗವತ ಅಥವಾ ವಿಷ್ಣುಪುರಾಣಗಳ ಕಥೆಯನ್ನು ಹೇಳುವುದಿಲ್ಲ. ಅಳಿದುಹೋದ ನಾಗರಿಕತೆಗಳ ಸ್ಮರಣೆಯೇ ಅದರ ವಸ್ತು. ಸೂರ್ಯನನ್ನು ಹಲವು ಭಾಷೆಗಳ ಹೆಸರುಗಳಿಂದ ಕರೆಯಲಾಗುತ್ತದೆ. ಬಹುಪಾಲು ಕರ್ಕಶವಾದ ತಾಳವಾದ್ಯ ಮತ್ತು ಗಿಟಾರ್‌ನ ಬಳಿಕ ಅನಿರೀಕ್ಷಿತವಾಗಿ ಶಾಂತವಾದ ಅಕೌಸ್ಟಿಕ್ ಗಿಟಾರ್ ಕೇಳಿಸುತ್ತದೆ. ಕೊನೆಯ ‘ರಿಚುಅಲ್’ ತಂತ್ರಕ್ಕೆ ಸಂಬಂಧಿಸಿದ್ದು, ಸ್ಕ್ವೈರ್ ಅವರ ಬಾಸ್ ವಾದನ ಮತ್ತು ದೀರ್ಘ ತಾಳವಾದ್ಯ ಘರ್ಷಣೆಯ ನಂತರ ಮೃದುವಾದ ಗೀತೆಯಾಗಿ ಮುಗಿಯುತ್ತದೆ.

ವಿವಾದ

ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ 1ನೆಯ, ಅಮೆರಿಕದಲ್ಲಿ 6ನೆಯ ಸ್ಥಾನ ಪಡೆಯಿತು. ವಿಮರ್ಶಕರಲ್ಲಿ ಅನೇಕರು ಇದನ್ನು ಆಡಂಬರವೆಂದು ತಳ್ಳಿಹಾಕಿದರು. ಬ್ರಿಟನ್ ಪ್ರವಾಸವು ಬಿಡುಗಡೆಗೆ ಮೊದಲೇ, ನವೆಂಬರ್‌ನಲ್ಲಿ ಆರಂಭವಾದುದರಿಂದ ಶ್ರೋತೃಗಳು 80 ನಿಮಿಷಗಳ ಅಪರಿಚಿತ ಸಂಗೀತವನ್ನು ಒಮ್ಮೆಲೇ ಎದುರಿಸಬೇಕಾಯಿತು.

ಅತ್ಯಂತ ತೀಕ್ಷ್ಣವಾದ ಆಕ್ಷೇಪ ತಂಡದೊಳಗಿನದೇ. ಸಾಮಗ್ರಿ ಒಂದು ಎಲ್‌ಪಿಗೆ ಹೆಚ್ಚು, ಎರಡಕ್ಕೆ ಕಡಿಮೆ. ಆದ್ದರಿಂದ ಎಳೆದು ತುಂಬಿಸಲಾಯಿತು ಎಂಬುದು ವೇಕ್‌ಮನ್ ಅವರ ವಾದ. ಮ್ಯಾಂಚೆಸ್ಟರ್ ಕಛೇರಿಯಲ್ಲಿ ಅವರು ವೇದಿಕೆಯ ಮೇಲೆಯೇ ಕರಿ ಊಟ ಮಾಡಿದ ಪ್ರಸಂಗ ರಾಕ್ ಸಂಗೀತದ ದಂತಕಥೆಯಾಗಿದೆ. 1974ರಲ್ಲಿ ತಂಡವನ್ನು ತೊರೆದ ಅವರು 1976ರಲ್ಲಿ ಮರಳಿದರು. ಅವರ ವಾದದಲ್ಲಿ ಹುರುಳಿದೆ: ಪ್ರತಿ ರಚನೆಯೂ ಸುಮಾರು 20 ನಿಮಿಷವಾಗಲು ಎಲ್‌ಪಿಯ ಒಂದು ಬದಿಯ ಮಿತಿ ಕಾರಣವೇ ಹೊರತು ಶಾಸ್ತ್ರಗಳಲ್ಲ. ಆದರೆ ಮೊದಲ ಮತ್ತು ಕೊನೆಯ ರಚನೆಗಳ ಮಟ್ಟಿಗೆ ಈ ಆಕ್ಷೇಪ ಅಷ್ಟಾಗಿ ನಿಲ್ಲದು. ಅವುಗಳಲ್ಲಿ ಆರಂಭದ ವಿಸ್ತಾರವಿಲ್ಲದೆ ಅಂತ್ಯದ ಶಾಂತಿಗೆ ಅರ್ಥವಿರುವುದಿಲ್ಲ.

ಆಲಿಸುವಿಕೆ

ದೀರ್ಘ ಸಂಗೀತ ಕರ್ನಾಟಕದ ಶ್ರೋತೃಗಳಿಗೆ ಹೊಸದಲ್ಲ. ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿಯು 1939ರಿಂದ ನಡೆಸುತ್ತಿರುವ ರಾಮನವಮಿ ಕಛೇರಿಗಳಲ್ಲಿ ಒಂದೇ ರಾಗದ ರಾಗ-ತಾನ-ಪಲ್ಲವಿಯನ್ನು ಈ ಆಲ್ಬಮ್‌ನ ಎರಡು ಬದಿಗಳಷ್ಟು ಹೊತ್ತು ಕೇಳುವವರಿದ್ದಾರೆ. ಆದರೆ ಪಲ್ಲವಿಯಲ್ಲಿ ತಾಳದ ಆವರ್ತನ ಕೇಳುಗನನ್ನು ಮತ್ತೆ ಮತ್ತೆ ಮೂಲಕ್ಕೆ ಕರೆತರುತ್ತದೆ. ಇಲ್ಲಿ ಅಂತಹ ಆಸರೆ ಇಲ್ಲ. ಲಯವೂ ಶ್ರುತಿಯೂ ಬದಲಾಗುತ್ತ ಹೋಗುತ್ತವೆ. ಮರುಕಳಿಸುವ ಕೆಲವು ಸ್ವರಗುಚ್ಛಗಳೇ ಗುರುತುಗಲ್ಲುಗಳು, ಅವು ಮೊದಲ ಆಲಿಕೆಯಲ್ಲಿ ಕಿವಿಗೆ ಬೀಳುವುದು ಅಪರೂಪ. ಆದ್ದರಿಂದ ನಾಲ್ಕನ್ನೂ ಒಂದೇ ಬಾರಿಗೆ ಕೇಳುವುದಕ್ಕಿಂತ, ‘ರಿಚುಅಲ್’ ಅಥವಾ ಮೊದಲ ರಚನೆಯನ್ನು ಕೆಲವು ಸಲ ಕೇಳಿ ಪರಿಚಯ ಮಾಡಿಕೊಂಡು ಮುಂದುವರಿಯುವುದು ಉತ್ತಮ. ಸಾಹಿತ್ಯವನ್ನು ಶಾಸ್ತ್ರದ ವ್ಯಾಖ್ಯಾನವೆಂದು ಓದಿದರೆ ನಿರಾಸೆಯೇ ಗತಿ. ಆಂಡರ್ಸನ್ ಪದಗಳನ್ನು ಅರ್ಥಕ್ಕಿಂತ ನಾದಕ್ಕಾಗಿ ಆರಿಸುವವರು.

ಭಾರತೀಯ ವಸ್ತುವಿದ್ದರೂ ಈ ಸಂಗೀತಕ್ಕೆ ರಾಗಪದ್ಧತಿ ಆಧಾರವಲ್ಲ. ಇದಕ್ಕೆ ವಿರುದ್ಧ ದಿಕ್ಕಿನ ಪ್ರಯೋಗ ಬೆಂಗಳೂರಿನ ಅಗಮ್ ತಂಡದ್ದು. ‘ದ ಇನ್ನರ್ ಸೆಲ್ಫ್ ಅವೇಕನ್ಸ್’ (2012) ಆಲ್ಬಮ್‌ನಲ್ಲಿ ತ್ಯಾಗರಾಜರ ಕೃತಿಯನ್ನೂ ಸ್ವಾತಿ ತಿರುನಾಳರ ತಿಲ್ಲಾನವನ್ನೂ ಪ್ರೊಗ್ರೆಸಿವ್ ರಾಕ್‌ಗೆ ಅಳವಡಿಸಿದ ಈ ತಂಡ, ರಾಗವನ್ನು ಉಳಿಸಿಕೊಂಡು ಸುತ್ತಲಿನ ವಾದ್ಯವಿನ್ಯಾಸವನ್ನು ಬದಲಿಸುತ್ತದೆ.

ಮರುಬಿಡುಗಡೆ

2003ರ ಆವೃತ್ತಿಯಲ್ಲಿ ಮೊದಲ ರಚನೆಗೆ, ಎಲ್‌ಪಿಯಿಂದ ಕೈಬಿಟ್ಟಿದ್ದ ಸುಮಾರು 2 ನಿಮಿಷಗಳ ಪೀಠಿಕೆಯನ್ನು ಮರಳಿ ಸೇರಿಸಲಾಯಿತು. ಸ್ಟೀವನ್ ವಿಲ್ಸನ್ ಅವರ ಹೊಸ ಮಿಶ್ರಣ 2016ರಲ್ಲಿ ಹೊರಬಂದಿತು.